ಟೈರಿನ ಒಳಮಗ್ಗುಲು

ಗುರುವಾರ ಮಧ್ಯಾಹ್ನ ಎರಡೂವರೆಗೆ ನನ್ನ ತಮ್ಮ ಇಲ್ಕಾಯ್ ಹಸಿರು ಬೆಂಜ್ ಕಾರನ್ನು ನನ್ನ ಟೈರು ಅಂಗಡಿಯ ಬಾಗಿಲಿಗೆ ತಂದು ನಿಲ್ಲಿಸಿದ. ಇಂಜಿನ್ ಆರಿಸಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಕ್ಕಾ, ಹಿಂದಿನ ಎರಡು ಟೈರ್ ಬದಲಾಯಿಸ್ಬಿಡು. ನಾಡಿದ್ದು ಬೆಳಿಗ್ಗೆ ಹೊರಡ್ಬೇಕಲ್ಲ," ಎಂದ, ಹಾಲಿನ ಪ್ಯಾಕೆಟ್ ಕೇಳುವವನ ಹಾಗೆ.

"ಆ ಟೈರ್ ಹಾಕಿ ಹತ್ತು ವಾರ ಆಯ್ತಷ್ಟೆ. ನಾನೇ ಹಾಕಿದ್ದು."

"ಗೊತ್ತು. ಒಂಚೂರು ಸದ್ದು ಬರ್ತಿದೆ. ಹೆಲಿಕಾಪ್ಟರ್ ಥರ."

"ಎಷ್ಟು ದಿನದಿಂದ?"

"ಆಗ್ಲಿಂದ."

"ಆಗ್ಲಿಂದ ಅಂದ್ರೆ ಯಾವಾಗ್ಲಿಂದಲೋ?"

ಅವನು ರೇಡಿಯೊ ಸದ್ದು ಕಡಿಮೆ ಮಾಡಿದ.

ನಿಂತು ನೋಡಿದರೆ ಟೈರು ಹೊಸದೇ. ಗೀರುಗಳು ಆಳವಾಗಿದ್ದವು, ಅಂಚಿನ ಸಣ್ಣ ರಬ್ಬರ್ ಕೂದಲು ಕೂಡ ಉದುರಿರಲಿಲ್ಲ. ಆದರೆ ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದ ಮೇಲೆ ನಾನು ಟೈರನ್ನು ಕಣ್ಣಿನಿಂದ ನೋಡುವುದು ಬಿಟ್ಟಿದ್ದೇನೆ. ಮಂಡಿಯೂರಿ ಚಕ್ರದ ಹಿಂದಕ್ಕೆ ಕೈ ತೂರಿಸಿದೆ. ಒಳಮಗ್ಗುಲಲ್ಲಿ ಗೀರೇ ಇರಲಿಲ್ಲ, ಬೋಳು ತಲೆ ಸವರಿದ ಹಾಗೆ ನುಣುಪು. ಇನ್ನೂ ಒಳಕ್ಕೆ ಹೋದಾಗ ಬೆರಳಿಗೆ ಚುರುಕ್ಕೆಂದು ಏನೋ ಚುಚ್ಚಿತು. ಕೈ ಈಚೆ ತೆಗೆದೆ. ತೋರುಬೆರಳಿನ ತುದಿಯಲ್ಲಿ ರಕ್ತದ ಚುಕ್ಕೆ.

ತಂತಿ. ರಬ್ಬರೆಲ್ಲ ಸವೆದು ಒಳಗಿನ ತಂತಿ ಹೊರಗೆ ಬಂದಿತ್ತು. ಈ ಟೈರಿನ ಮೇಲೆ ಇವನು ಅದೇ ದಿನ ಬೆಳಿಗ್ಗೆ ಹೆದ್ದಾರಿಯಲ್ಲಿ ನೂರ ಐವತ್ತರ ವೇಗದಲ್ಲಿ ಬಂದಿದ್ದ, ಕೇಳದೆಯೂ ನನಗೆ ಗೊತ್ತು.

"ಇಳಿ ಕೆಳಗೆ," ಎಂದೆ.

ಈ ಕಾರಿನ ವಿಷಯ ಹೇಳಬೇಕು. ತೊಂಬತ್ತಮೂರರ ಗಾಡಿ. ಅಪ್ಪ ಉಕ್ಕಿನ ಕಾರ್ಖಾನೆಯ ಕೋಕ್ ಒಲೆಗಳ ಪಾಳಿಯಲ್ಲಿ ದುಡಿದು ಕೊಂಡದ್ದು. ಹದಿನಾಲ್ಕು ಬೇಸಿಗೆ ಜರ್ಮನಿಯ ಡ್ಯೂಸ್‌ಬುರ್ಗ್‌ನಿಂದ ತುರ್ಕಿಯ ಯೋಜ್‌ಗಾತ್ ಹತ್ತಿರದ ನಮ್ಮ ಹಳ್ಳಿಗೆ, ಮೂರು ಸಾವಿರದ ನೂರು ಕಿಲೋಮೀಟರ್, ನಮ್ಮನ್ನೆಲ್ಲ ಹೊತ್ತುಕೊಂಡು ಹೋಗಿ ಬಂದದ್ದು. ಕಳೆದ ಚಳಿಗಾಲ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆದ ಮೇಲೆ ಅಪ್ಪ ಕೀಲಿಯನ್ನು ಇಲ್ಕಾಯ್ ಕೈಗೆ ಕೊಟ್ಟರು. ಏಪ್ರಿಲ್‌ನಲ್ಲಿ ಇಲ್ಕಾಯ್ ಅದರ ನಾಲ್ಕೂ ಸ್ಪ್ರಿಂಗ್ ಕಿತ್ತು ಗಿಡ್ಡ ಸ್ಪ್ರಿಂಗ್ ಹಾಕಿಸಿದ. ಆರು ಸೆಂಟಿಮೀಟರ್ ಕೆಳಕ್ಕೆ. ತಪಾಸಣೆಯ ಎಂಜಿನಿಯರ್ ಹತ್ತಿರ ಅಳತೆ ಮಾಡಿಸಿ, ಮುದ್ರೆ ಒತ್ತಿಸಿ, ಎಲ್ಲ ಕಾನೂನುಬದ್ಧ. ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಶನಿವಾರ ಸಂಜೆ ರೈನ್ ನದಿಯ ದಂಡೆಯ ಮೈದಾನದಲ್ಲಿ ಹುಡುಗರ ಕಾರುಗಳ ನಡುವೆ ಅದು ಹೊಂಚು ಹಾಕಿದ ಬೆಕ್ಕಿನಂತೆ ನಿಲ್ಲುತ್ತಿತ್ತು. ಇಪ್ಪತ್ತಾರು ವರ್ಷದ ನನ್ನ ತಮ್ಮ ಅದರ ಸುತ್ತ ನಡೆಯುವಾಗ ಅವನ ಬೆನ್ನೇ ನೆಟ್ಟಗಾಗುತ್ತಿತ್ತು.

ಅಪ್ಪ ನಾಲ್ಕನೇ ಮಹಡಿಯ ಕಿಟಕಿಯಿಂದ ನೋಡಿ ಕೇಳಿದ್ದು ಒಂದೇ ಮಾತು: "ಚಕ್ರ ಮುರೀತಾ?" ಅದೇ ಕೊನೆ. ಹನ್ನೊಂದು ವಾರ ಮಗನ ಜೊತೆ ಮಾತಿಲ್ಲ. ಉಪ್ಪು ಬೇಕಾದರೂ ಅಮ್ಮನ ಮೂಲಕ.

ಆ ಗಿಡ್ಡ ಸ್ಪ್ರಿಂಗ್ ಬಿದ್ದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿದವಳು ನಾನು. ಕಾರು ಅಳತೆಯ ಮೇಜು ಹತ್ತಿದ ಮೇಲೆ, ನಾಲ್ಕೂ ಚಕ್ರಕ್ಕೆ ಕನ್ನಡಿ ಕಟ್ಟಿ, ಪರದೆಯ ಮೇಲೆ ಒಂದೊಂದೇ ಅಂಕಿ ಕೆಂಪಿನಿಂದ ಹಸಿರಿಗೆ ತಂದೆ. ಅಚ್ಚು ಹಾಕಿದ ಹಾಳೆಯನ್ನು ಇಲ್ಕಾಯ್ ಫ್ರಿಜ್ ಮೇಲೆ ಅಂಟಿಸಿದ, ಅಪ್ಪನ ಕಣ್ಣಿಗೆ ಬೀಳಲಿ ಅಂತ. ಹಸಿರು, ಹಸಿರು, ಹಸಿರು. ಆ ಹಸಿರೇ ಈಗ ನನ್ನ ಬೆರಳು ಚುಚ್ಚಿತ್ತು.

ನನ್ನ ಜೊತೆ ಕೆಲಸ ಮಾಡುವ ಉವೆ ಬಂದು ಬಗ್ಗಿ ನೋಡಿದ. ಅರವತ್ತು ದಾಟಿದವನು, ಕಡಿಮೆ ಮಾತು. "ಗುಲ್ಸೆರೆನ್, ಈ ಗಾಡಿ ಹಿಂದೆ ಇಷ್ಟು ಕೂತಿರ್ಲಿಲ್ಲ," ಎಂದ. "ಆವತ್ತು ನಾನೇ ಮೇಜಿಗೆ ಹತ್ತಿಸಿದ್ದು. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೂರು ಬೆರಳು ಜಾಗ ಇತ್ತು. ಈಗ ಒಂದು ಬೆರಳು ಹೋಗಲ್ಲ."

ನಾನು ಹೋಗಿ ಡಿಕ್ಕಿ ತೆಗೆದೆ.

ಕಾಫಿ ಪುಡಿಯ ಇಟ್ಟಿಗೆಯಂಥ ಪ್ಯಾಕೆಟ್‌ಗಳು, ಎರಡು ಸಾಲು. ಚಾಕಲೇಟು. ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕುವ ಗುಳಿಗೆಗಳ ದೊಡ್ಡ ಡಬ್ಬಗಳು. ಒಂದರೊಳಗೊಂದು ಕೂತ ಬಾಣಲೆಗಳು. ಊರಲ್ಲಿರುವ ಸೋದರಮಾವನ ಮಗನ ಹೆಂಡತಿಗೆ ಹೊಲಿಗೆ ಯಂತ್ರ. ಅಲ್ಲಿನ ಅಜ್ಜಿಗೆ ಹಿಡಿದುಕೊಂಡು ನಡೆಯಲು ಚಕ್ರದ ಚೌಕಟ್ಟು. ಇದೆಲ್ಲದರ ತಳದಲ್ಲಿ, ಹಳೆಯ ರಗ್ಗು ಹೊದ್ದು, ಬಚ್ಚಲಮನೆಗೆ ಹಾಕುವ ಟೈಲ್ಸ್. ಐದು ಪೆಟ್ಟಿಗೆ. ಒಂದೊಂದರ ಮೇಲೂ ಇಪ್ಪತ್ತೆರಡು ಕಿಲೋ ಅಂತ ಬರೆದಿತ್ತು.

"ಇದು ಯಾವತ್ತಿಂದ ಇಲ್ಲಿದೆ?"

"ಅಮ್ಮ ಇಟ್ಟಿದಾಳೆ," ಎಂದ ಇಲ್ಕಾಯ್. "ನೆಲಮಾಳಿಗೇಲಿ ತೇವ. ನಾಲ್ಕು ಮಹಡಿ ಹತ್ತಿಸಿ ಮತ್ತೆ ಇಳಿಸೋದು ಯಾರು ಅಂದ್ಲು. ರಿಯಾಯಿತಿ ಬಂದಾಗೆಲ್ಲ ತಂದು ತಂದು ಹಾಕ್ತಿದ್ಲು. ನಾನೇನ್ಮಾಡ್ಲಿ?"

"ಇದನ್ನ ಹೊತ್ಕೊಂಡು ದಿನಾ ಡ್ಯುಸೆಲ್‌ಡೋರ್ಫ್ ವಿಮಾನ ನಿಲ್ದಾಣಕ್ಕೆ ಹೋಗ್ತಿದ್ದೀಯಾ?"

"ಕೆಲಸಕ್ಕೆ ಹೋಗ್ಬೇಕಲ್ಲಕ್ಕಾ."

ಉವೆ ಟೋಪಿ ತೆಗೆದು ತಲೆ ಕೆರೆದ. "ವಿಮಾನದಲ್ಲಿ ಸರಕು ತುಂಬೋದು ಇವನ ಕೆಲಸ ತಾನೆ? ಭಾರ ಎಲ್ಲಿಡ್ಬೇಕು ಅಂತ ಲೆಕ್ಕ ಹಾಕೋ ವಿಭಾಗದಲ್ಲಿ?"

"ಅದು ವಿಮಾನ, ಉವೆ," ಎಂದ ನನ್ನ ತಮ್ಮ, ಕಿವಿ ಕೆಂಪಗೆ ಮಾಡಿಕೊಂಡು.

ಅವನನ್ನು ಬೈಯಲು ಬಾಯಿ ತೆಗೆದೆ. ಆದರೆ ಬೈಗುಳ ನನ್ನ ಕಡೆಗೇ ತಿರುಗಿತು. ಜುಲೈನಲ್ಲಿ ಇವರು ಊರಿಗೆ ಹೊರಡುತ್ತಾರೆಂದು ಏಪ್ರಿಲ್‌ನಲ್ಲೇ ನನಗೆ ಗೊತ್ತಿತ್ತು. ಖಾಲಿ ಕಾರನ್ನು ಅಳೆದು ಹಸಿರು ಹಾಳೆ ಕೊಟ್ಟೆ. ನಮ್ಮ ಜನ ಖಾಲಿ ಡಿಕ್ಕಿಯಲ್ಲಿ ಊರಿಗೆ ಹೋದದ್ದನ್ನು ಯಾರಾದರೂ ನೋಡಿದ್ದಾರೆಯೇ? ಭಾರ ಬಿದ್ದರೆ ಈ ಗಿಡ್ಡ ಸ್ಪ್ರಿಂಗ್ ನೆಲಕ್ಕೆ ಕೂರುತ್ತದೆ, ಹಿಂದಿನ ಎರಡು ಚಕ್ರ ಕಾಲು ಅಗಲಿಸಿ ನಿಂತವನ ಹಾಗೆ ಓರೆಯಾಗಿ, ಮೂಗು ಒಳಕ್ಕೆ ತಿರುಗಿಸುತ್ತವೆ. ಆಮೇಲೆ ಟೈರು ಉರುಳುವುದಿಲ್ಲ, ಒಳ ಅಂಚಿನ ಮೇಲೆ ಉಜ್ಜಿಕೊಂಡು ಹೋಗುತ್ತದೆ. ಪರೀಕ್ಷೆಯಲ್ಲಿ ಕೇಳಿದರೆ ನಾನು ಇದನ್ನು ನಿದ್ದೆಯಲ್ಲೂ ಹೇಳುತ್ತೇನೆ. ನನ್ನ ಮನೆಯ ಕಾರಿಗೆ ಹೇಳಲಿಲ್ಲ.

ಅಂಗಡಿ ಮುಚ್ಚಿ ನೇರ ಅಮ್ಮನ ಮನೆಗೆ ಹೋದೆ. ಮೆಟ್ಟಿಲು ಎರಡೆರಡು ಹತ್ತಿದೆ.

ಅಮ್ಮ ಅಡುಗೆಮನೆಯಲ್ಲಿ ದ್ರಾಕ್ಷಿ ಎಲೆಗೆ ಅಕ್ಕಿ ತುಂಬಿ ಸುತ್ತುತ್ತಿದ್ದಳು, ದಾರಿಗೆ. ಅವಳಿಗೆ ಅರವತ್ತೆಂಟು. ಅವಳ ಅಮ್ಮನಿಗೆ ತೊಂಬತ್ತೊಂದು. ಮೇ ತಿಂಗಳಲ್ಲಿ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡಳು. ಈಗ ಯಾರು ಉಣಿಸಿದರೂ ಬಾಯಿ ತೆರೆಯುತ್ತಿಲ್ಲ. ಮಾವ ವಾರಕ್ಕೆರಡು ಸಲ ಫೋನ್ ಮಾಡಿ, ಹಾಜೆರ್ ಬಂದು ಉಣಿಸಿದರೆ ತಿಂದಾಳು, ಕರೆತನ್ನಿ, ಎನ್ನುತ್ತಿದ್ದ. ಹಾಜೆರ್ ಎಂದರೆ ನನ್ನಮ್ಮ. ಒಂಬತ್ತು ವರ್ಷದಿಂದ ತವರಿನ ಹೊಸಿಲು ತುಳಿದಿರಲಿಲ್ಲ. ವಿಮಾನದಲ್ಲಿ ಕಳಿಸೋಣವೆಂದರೆ ಫೆಬ್ರವರಿಯಲ್ಲಿ ಅವಳ ಕಿವಿಯ ಶಸ್ತ್ರಚಿಕಿತ್ಸೆ ಆಗಿತ್ತು, ಶರತ್ಕಾಲದವರೆಗೆ ಹಾರುವಂತಿಲ್ಲ ಎಂದಿದ್ದರು ವೈದ್ಯರು. ಬಾಡಿಗೆ ಕಾರನ್ನು ತುರ್ಕಿಯ ಗಡಿ ದಾಟಿಸಲು ಯಾರೂ ಕೊಡುವುದಿಲ್ಲ. ಬಸ್ಸಿನಲ್ಲಿ ಎರಡು ದಿನ ಕಾಲು ಮಡಚಿ ಕೂರಲು ಅವಳ ಮಂಡಿ ಒಪ್ಪುವುದಿಲ್ಲ. ನನ್ನದು ಎರಡೇ ಸೀಟಿನ ವ್ಯಾನು. ಹೋಗುವುದಾದರೆ ಆ ಬೆಂಜಿನಲ್ಲೇ ಹೋಗಬೇಕು. ಅಜ್ಜಿಯ ಕೈಯಲ್ಲಿ ಎಷ್ಟು ದಿನ ಉಳಿದಿವೆಯೋ ಯಾರಿಗೂ ಗೊತ್ತಿರಲಿಲ್ಲ.

"ಅಮ್ಮಾ, ಆ ಟೈಲ್ಸ್ ತೆಗೀಬೇಕು," ಎಂದೆ.

"ಯಾಕೆ?"

"ಕಾರು ತಡ್ಕೊಳಲ್ಲ."

"ನಿನ್ನ ಮಾವ ಆರು ತಿಂಗಳಿಂದ ಬಚ್ಚಲು ಕಟ್ಟದೆ ಕಾಯ್ತಿದಾನೆ."

"ಟೈಲ್ಸ್ ಯೋಜ್‌ಗಾತ್‌ನಲ್ಲಿ ಸಿಗುತ್ತೆ ಕಣಮ್ಮಾ!"

"ಸಿಗುತ್ತೆ ಅಂತ ನಂಗೂ ಗೊತ್ತು ಕಣೇ. ಒಂಬತ್ತು ವರ್ಷ ಆದ್ಮೇಲೆ ತವರಿಗೆ ಹೋಗ್ತಿದೀನಿ. ಕೈ ಬೀಸ್ಕೊಂಡು ಹೋಗ್ಲಾ? ಜರ್ಮನೀಲಿ ಹಾಜೆರ್ ಉಪವಾಸ ಬಿದ್ದಿದಾಳೆ ಅಂತ ಊರೆಲ್ಲ ಆಡ್ಕೊಳ್ಲಾ? ಅವನ ಸ್ಪ್ರಿಂಗ್ ತೆಗೆಸು."

"ಸ್ಪ್ರಿಂಗ್ ತೆಗ್ಯಲ್ಲ," ಎಂದ ಇಲ್ಕಾಯ್, ಬಾಗಿಲ ಚೌಕಟ್ಟಿಗೆ ಒರಗಿ. "ಅದಕ್ಕೆ ಎಷ್ಟು ರಾತ್ರಿ ಪಾಳಿ ಮಾಡಿದೀನಿ ಗೊತ್ತಾ ನಿಮಗೆ? ಹಳೇದು ಗುಜರಿಗೆ ಹಾಕಾಯ್ತು. ಅಕ್ಕ ಭಾರ ಇಟ್ಟು ಇನ್ನೊಂದ್ಸಲ ಅಲೈನ್‌ಮೆಂಟ್ ಮಾಡಿದ್ರೆ ಸರಿಹೋಗುತ್ತೆ. ಮಾಡಲ್ವಾ?"

"ಮಾಡ್ತೀನಿ," ಎಂದೆ. "ಆದ್ರೆ ದಾರೀಲಿ ಕೂರೋರೆಲ್ಲ ಬಂದು ಕೂರ್ಬೇಕು. ಬೆಳಿಗ್ಗೆ ಏಳಕ್ಕೆ. ಅಪ್ಪಾ, ನೀವೂ ಬರ್ಬೇಕು."

ಅಪ್ಪ ಬಾಲ್ಕನಿಯ ಕುರ್ಚಿಯಲ್ಲಿ ಕೂತು ಟೊಮೆಟೊ ಕುಂಡ ನೋಡುತ್ತಿದ್ದರು. ತಿರುಗಲಿಲ್ಲ. "ಆ ಕಾರಲ್ಲಿ ನಾನು ಕೂರಲ್ಲ."

"ಹತ್ತು ನಿಮಿಷ, ಅಪ್ಪಾ. ನಿಮ್ಮ ಭಾರ ಮಾತ್ರ ಬೇಕು."

"ಭಾರ ಬೇಕಿದ್ರೆ ಸಿಮೆಂಟ್ ಮೂಟೆ ಇಡು."

"ಮತ್ತೆ ಶನಿವಾರ ಅದರಲ್ಲೇ ಹೋಗ್ಬೇಕಲ್ಲ?"

"ನಾನು ಹೋಗ್ತೀನಿ ಅಂತ ಯಾರು ಹೇಳಿದ್ದು?"

ಅಡುಗೆಮನೆಯಲ್ಲಿ ಅಮ್ಮನ ಕೈ ನಿಂತಿತು. ಅವಳು ಅವರ ಮೂರು ಅಂಗಿ, ಔಷಧಿ, ಕಣ್ಣಿನ ಹನಿ ಎಲ್ಲ ಕಟ್ಟಿಟ್ಟಿದ್ದಳು. ಹನ್ನೊಂದು ವಾರದಲ್ಲಿ ಈ ಮಾತು ಒಮ್ಮೆಯೂ ಬಂದಿರಲಿಲ್ಲ.

"ನುರೆತ್ತಿನ್," ಎಂದಳು ಅಪ್ಪನ ಹೆಸರು ಹಿಡಿದು, ಅಷ್ಟೆ.

"ನಿನ್ನ ಮಗ ಕರ್ಕೊಂಡು ಹೋಗ್ತಾನೆ, ಹೋಗಿ ಬಾ. ಹದಿನಾಲ್ಕು ಸಲ ಆ ದಾರಿ ಓಡಿಸಿದೀನಿ, ಸೆರ್ಬಿಯಾದ ಗುಂಡೀಲೂ ಆ ಕಾರಿನ ಹೊಟ್ಟೆ ನೆಲಕ್ಕೆ ತಾಗಿಲ್ಲ. ಈಗ ಬೇಕರಿ ಮುಂದಿನ ಉಬ್ಬಿಗೆ ತಾಗುತ್ತೆ. ಸದ್ದು ನಂಗೆ ಮೇಲಕ್ಕೆ ಕೇಳಿಸುತ್ತೆ."

"ಕಾರು ನಂಗೆ ಕೊಟ್ಟಿದ್ದು ನೀವೇ," ಎಂದ ಇಲ್ಕಾಯ್.

ಅಪ್ಪ ಟೊಮೆಟೊ ಗಿಡಕ್ಕೆ ಹೇಳಿದರು: "ಓಡಿಸೋಕೆ ಕೊಟ್ಟೆ. ಹೂಳೋಕಲ್ಲ."

ಅಲ್ಲಿಂದ ಮನೆಗೆ ಬಂದವಳು ಊಟಕ್ಕೆ ಕೂತೆ, ಎದ್ದೆ. ಏಪ್ರಿಲ್‌ನ ಹಾಳೆಯ ನನ್ನ ಪ್ರತಿ ತೆಗೆದು ನೋಡಿದೆ. ಅದರ ಮೇಲಿನ ಮೂಲೆಯಲ್ಲಿ, ಎಷ್ಟು ಭಾರ ಇಟ್ಟು ಅಳೆದದ್ದು ಎಂದು ಬರೆಯಲು ಒಂದು ಖಾನೆ ಇರುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಅದನ್ನು ತುಂಬಿದ್ದೇ ಇಲ್ಲ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಹೊಸ ಟೈರು ಹಾಕಿದ ಕಾರು ಮೇಜಿನ ಮೇಲಿತ್ತು, ಡಿಕ್ಕಿಯಲ್ಲಿ ಇನ್ನೂರು ಕಿಲೋ ಮೇಲೆ. ಇಲ್ಕಾಯ್ ಚಾಲಕನ ಜಾಗದಲ್ಲಿ. ಅಮ್ಮ ಹಿಂದಿನ ಸೀಟಿನಲ್ಲಿ, ತಲೆಗೆ ಒಳ್ಳೆಯ ವಸ್ತ್ರ ಕಟ್ಟಿ, ಬೆಲ್ಟ್ ಹಾಕಿಕೊಂಡು, ಕೈಚೀಲ ಮಡಿಲಲ್ಲಿ. ಅಪ್ಪ ಬರಲಿಲ್ಲ. ಅವರ ಜಾಗಕ್ಕೆ ಉವೆಯನ್ನು ಕೂರಿಸಿದೆ, ಇಬ್ಬರದ್ದೂ ಹೆಚ್ಚುಕಡಿಮೆ ಒಂದೇ ತೂಕ.

"ನಾನೀಗ ಇವರಿಗೆ ಗಂಡನಾ?" ಎಂದ ಉವೆ, ಸೀಟಿನಲ್ಲಿ ತುರುಕಿಕೊಳ್ಳುತ್ತ.

"ಮಾತಾಡ್ದೆ ಕೂತ್ಕೊ, ಹಾಗಿದ್ರೆ ಗಂಡನ ಥರಾನೇ ಇರ್ತೀಯ," ಎಂದಳು ಅಮ್ಮ ತನ್ನ ಮುರುಕು ಜರ್ಮನ್ ಭಾಷೆಯಲ್ಲಿ.

ನಾನು ಮೇಜಿನ ಕೆಳಗಿನ ಹೊಂಡಕ್ಕೆ ಇಳಿದು ಹಿಂದಿನ ಬೋಲ್ಟ್ ಸಡಿಲಿಸಿದೆ. ತಿರುಗಿಸಿದೆ. ಪರದೆಯ ಅಂಕಿ ಇಳಿಯಿತು, ಇಳಿಯಿತು, ನಿಂತಿತು. ಬೋಲ್ಟ್ ಅದರ ಕೊನೆ ಮುಟ್ಟಿತ್ತು. ಅಂಕಿ ಇನ್ನೂ ಕೆಂಪು. ಎಡಗಡೆಯೂ ಹಾಗೆ. ಇನ್ನು ಚಕ್ರದ ಓರೆ, ಅದನ್ನು ತಿದ್ದಲು ಆ ಗಾಡಿಯಲ್ಲಿ ಬೋಲ್ಟೇ ಇಲ್ಲ. ಸ್ಪ್ರಿಂಗು ಪೂರ್ತಿ ಅಮುಕಿ ಕೆಳಗಿನ ರಬ್ಬರಿಗೆ ಕೂತುಬಿಟ್ಟಿತ್ತು. ಮತ್ತೊಮ್ಮೆ ಮಾಡಿದೆ. ಚಕ್ರದ ಕನ್ನಡಿ ಬಿಚ್ಚಿ ಮತ್ತೆ ಕಟ್ಟಿ ಮೂರನೇ ಸಲ ಮಾಡಿದೆ. ಅದೇ ಕೆಂಪು.

"ಕೆಂಪು ಅಂದ್ರೆ ಏನೇ?" ಅಮ್ಮ ಕಿಟಕಿ ಇಳಿಸಿ ಕೇಳಿದಳು.

ಇಲ್ಕಾಯ್ ಬಾಗಿಲ ಪಕ್ಕದ ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದ. "ಎಷ್ಟು ಕಿಲೋಮೀಟರ್ ಬರುತ್ತಕ್ಕಾ?"

"ಈ ಬಿಸಿಲಲ್ಲಿ, ಈ ಭಾರದಲ್ಲಾ? ಹೆಚ್ಚಂದ್ರೆ ಸೆರ್ಬಿಯಾ. ಪುಣ್ಯ ಇದ್ರೆ ಬಲ್ಗೇರಿಯಾ."

"ಆಮೇಲೆ?"

"ಆಮೇಲೆ ಒಂದು ಒಡೆಯುತ್ತೆ. ಎಲ್ಲಿ, ಎಷ್ಟು ವೇಗದಲ್ಲಿ ಅಂತ ನಂಗೊತ್ತಿಲ್ಲ."

ಆಗ ಅಮ್ಮನ ಚೀಲದಲ್ಲಿ ಫೋನ್ ಮೊಳಗಿತು. ಮಾವ. ಅಮ್ಮ ಕೇಳುವ ಕಿವಿಗೆ ಫೋನ್ ಒತ್ತಿಕೊಂಡಳು. ಮಾವನ ದನಿ ಕಾರಿನ ಹಿಂದೆ ನಿಂತಿದ್ದ ನನಗೂ ಕೇಳುವಷ್ಟು ಜೋರಿತ್ತು. ಬೆಳಗಿನ ಜಾವ ಅಜ್ಜಿಗೆ ಉಸಿರಾಟದ ತೊಂದರೆಯಾಗಿ ಯೋಜ್‌ಗಾತ್ ಆಸ್ಪತ್ರೆಗೆ ಸೇರಿಸಿದ್ದರು. "ಬರೋದಾದ್ರೆ ಈಗ ಬಾ ಹಾಜೆರ್. ಮುಂದಿನ ವಾರ ಅಂತ ಇಟ್ಕೋಬೇಡ."

ಅಮ್ಮ ಫೋನನ್ನು ಚೀಲಕ್ಕೆ ಹಾಕಿ, ಝಿಪ್ ಎಳೆದು, ಬೆನ್ನು ನೆಟ್ಟಗೆ ಮಾಡಿ ಕೂತಳು. "ನಡಿ ಇಲ್ಕಾಯ್," ಎಂದಳು. "ಇಲ್ಲಿಂದ್ಲೇ ಹೊರಡು."

"ಅಮ್ಮಾ..."

"ಹೊರಡು ಅಂದ್ನಲ್ಲ! ಒಡೆದ್ರೆ ಒಡೀಲಿ. ಅಲ್ಲಿಂದ ನಡೆದು ಹೋಗ್ತೀನಿ."

ಉವೆಗೆ ನಮ್ಮ ತುರ್ಕಿ ಮಾತು ಅರ್ಥವಾಗದಿದ್ದರೂ ಇಳಿಯಲೋ ಬೇಡವೋ ಎಂದು ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಕೂತಿದ್ದ. ಇಲ್ಕಾಯ್ ಕೂಡ ಎರಡೂ ಕೈ ಸ್ಟೀರಿಂಗ್ ಮೇಲೆ ಇಟ್ಟು ಕೂತ. ಅವನ ಕಣ್ಣು ಕನ್ನಡಿಯಲ್ಲಿತ್ತು. ಅದರಲ್ಲಿ ನನ್ನಮ್ಮ ಮಾತ್ರ ಕಾಣುತ್ತಿದ್ದಿರಬೇಕು. ಆಮೇಲೆ ಕೀಲಿ ಈಚೆ ಎಳೆದು ಇಳಿದ.

"ಹಳೇ ಸ್ಪ್ರಿಂಗ್ ಎಲ್ಲಿ ಸಿಗುತ್ತೆ?"

"ನಿಜವಾಗ್ಲೂ ಕೇಳ್ತಿದೀಯಾ?"

"ಎಲ್ಲಿ ಸಿಗುತ್ತೆ ಅಂತ ಕೇಳ್ದೆ ಅಕ್ಕಾ. ಮುಖ ನೋಡ್ಬೇಡ ನಂದು."

ಆರು ಗುಜರಿಗಳಿಗೆ ಫೋನ್ ಮಾಡಿದೆ. ಏಳನೆಯದು ಪಕ್ಕದೂರು ಓಬರ್‌ಹೌಸನ್‌ನ ಡೀಟ್‌ಮಾರ್‌ನದು. ಅವನ ಹಿತ್ತಿಲಲ್ಲಿ ಅದೇ ಮಾದರಿಯ ಟ್ಯಾಕ್ಸಿಯೊಂದು ಬಿದ್ದಿತ್ತು. "ಸ್ಪ್ರಿಂಗ್ ನಾಲ್ಕೂ ಇದೆ," ಎಂದ. "ನಾನು ಬಿಚ್ಚಿ ಕೊಡಲ್ಲ, ನಂಗೆ ಬೆನ್ನು ನೋವು. ನೀವೇ ಬಂದು ಕಿತ್ಕೊಳ್ಳಿ." ಇಲ್ಕಾಯ್ ಮತ್ತು ಉವೆ ನನ್ನ ವ್ಯಾನಿನಲ್ಲಿ ಓಡಿದರು.

ಆ ಮೂರು ಗಂಟೆ ನಾನು ಏನು ಮಾಡಿದೆ ಎಂದು ಕೇಳಬೇಡಿ. ಒಂದೇ ಸ್ಪ್ಯಾನರನ್ನು ಮೂರು ಡ್ರಾಯರಿನಲ್ಲಿಟ್ಟು ಮೂರು ಸಲ ಹುಡುಕಿದೆ. ಬಂದ ಗಿರಾಕಿಯೊಬ್ಬನನ್ನು, "ಉಸ್ತಾದ್, ಬರೀ ಗಾಳಿ ನೋಡ್ಬೇಕಿತ್ತು," ಎನ್ನುತ್ತಿದ್ದರೂ ಸೋಮವಾರ ಬಾ ಎಂದು ಓಡಿಸಿದೆ. ಅಮ್ಮ ಆಫೀಸಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಚಹಾ ಕೊಟ್ಟೆ, ಆರಿತು. ಇನ್ನೊಂದು ಕೊಟ್ಟೆ, ಅದೂ ಆರಿತು.

"ನಾಲ್ಕು ದಿನ ಮೊದ್ಲೇ ಹೊರಡ್ಬೇಕಿತ್ತು," ಎಂದಳು. "ಆ ಬಾಣಲೆಗೆ ರಿಯಾಯಿತಿ ಬುಧವಾರ ಅಂತ ಕಾದೆ ಕಣೇ."

ನನಗೂ ಹೇಳುವುದಿತ್ತು, ನಾನೇ ತಪ್ಪು ಅಳೆದೆ ಅಂತ. ಹೇಳಿದೆ. ಅವಳು ನನ್ನನ್ನು ನೋಡಿದಳು, ಕೇಳಿಸಿತೋ ಇಲ್ಲವೋ. "ನಿಮ್ಮಪ್ಪನಿಗೆ ಫೋನ್ ಮಾಡಿದೀನಿ," ಎಂದಳು.

ಹನ್ನೊಂದಕ್ಕೆ ಸ್ಪ್ರಿಂಗ್ ಬಂತು. ತುಕ್ಕು ಬಣ್ಣದ ಉದ್ದ ಸ್ಪ್ರಿಂಗುಗಳು, ಒಂದು ಡಬ್ಬದ ತುಂಬ ರಬ್ಬರು, ಬೋಲ್ಟು. ನಾನು, ಉವೆ ಮುಂದಿನ ಎರಡನ್ನು ಹಿಡಿದೆವು. ಇಲ್ಕಾಯ್ ಹಿಂದಿನದಕ್ಕೆ ಹೋದ. ಗಿಡ್ಡ ಸ್ಪ್ರಿಂಗ್ ಈಚೆ ತೆಗೆದಾಗ ಅವನು ಅದನ್ನು ಎಸೆಯಲಿಲ್ಲ. ಬಟ್ಟೆಯಿಂದ ಒರೆಸಿ ಗೋಡೆಯ ಪಕ್ಕ ನಿಲ್ಲಿಸಿದ. ನಾನು ನೋಡದವಳ ಹಾಗೆ ಇದ್ದೆ.

ಎರಡೂವರೆ ಹೊತ್ತಿಗೆ ಬಾಗಿಲಲ್ಲಿ ಬೆಳಕು ಮಂಕಾಯಿತು. ಅಪ್ಪ. ಶುಕ್ರವಾರದ ನಮಾಜು ಮುಗಿಸಿ ನೇರ ಬಂದಿದ್ದರು, ತಲೆಯ ಮೇಲೆ ಬಿಳಿ ಟೋಪಿ ಹಾಗೆಯೇ ಇತ್ತು. ಅಮ್ಮನ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಏನೋ ಕೇಳಿದರು, ಅವಳು ಏನೋ ಹೇಳಿದಳು. ಆಮೇಲೆ ಬಂದು ಕಾರೆತ್ತುವ ಲಿಫ್ಟಿನ ಪಕ್ಕ ನಿಂತರು. ಲಿಫ್ಟಿನ ಮೇಲೆ ಕಾರು, ಕಾರಿನ ಕೆಳಗೆ ಅವರ ಮಗ, ಮುಖದ ಮೇಲೆ ತುಕ್ಕು ಉದುರಿಸಿಕೊಂಡು ಉದ್ದ ಸ್ಪ್ರಿಂಗನ್ನು ಅದರ ಗೂಡಿಗೆ ಕೂರಿಸುತ್ತಿದ್ದಾನೆ.

ಅಪ್ಪ ಸುಮಾರು ಹೊತ್ತು ನೋಡಿದರು. ಉವೆ ಸ್ಪ್ಯಾನರ್ ಕೆಳಗಿಟ್ಟ.

"ಆ ರಬ್ಬರ್ ಅಲ್ಲ," ಎಂದರು ಅಪ್ಪ.

ಇಲ್ಕಾಯ್ ತಿರುಗಲಿಲ್ಲ. "ಯಾವ ರಬ್ಬರ್?"

"ಸ್ಪ್ರಿಂಗ್ ಮೇಲೆ ಕೂರೋದು. ಎರಡು ಗುಬುಟಿಂದು ಹಾಕಿದೀಯ. ಭಾರ ಹೊರೋ ಗಾಡಿಗೆ ನಾಲ್ಕು ಗುಬುಟಿಂದು, ದಪ್ಪದ್ದು. ಆ ಟ್ಯಾಕ್ಸೀಲಿ ಅದೇ ಇರುತ್ತೆ."

"ಡಬ್ಬದಲ್ಲಿ ನೋಡಿ."

ಅಪ್ಪ ಮಂಡಿ ಹಿಡಿದುಕೊಂಡು ಬಗ್ಗಿದರು. ಡಬ್ಬ ಕೆದಕಿ, ರಬ್ಬರನ್ನು ಕಣ್ಣಿಗೆ ಹಿಡಿದು ನೋಡಿದರು. ಕಣ್ಣು ಸಾಲದೆ ಹೆಬ್ಬೆರಳಿನಿಂದ ಗುಬುಟು ಎಣಿಸಿದರು. ಮೇಲಕ್ಕೆ ಚಾಚಿದರು. ಇಲ್ಕಾಯ್ ತೆಗೆದುಕೊಂಡ.

"ತೊಂಬತ್ತೇಳರಲ್ಲಿ ನಾನೂ ಇದೇ ತಪ್ಪು ಮಾಡಿ ಗಡಿ ಪಕ್ಕದ ಎಡಿರ್ನೆಯಿಂದ ಊರಿನ ತನಕ ಡಿಕ್ಕಿ ಉಜ್ಜಿಸ್ಕೊಂಡು ಹೋಗಿದ್ದೆ," ಎಂದರು ಅಪ್ಪ.

"ನಿನ್ನೆ ಹೊಟ್ಟೆ ತಾಗೇ ಇಲ್ಲ ಅಂದ್ರಿ?"

"ಹೊಟ್ಟೆ ತಾಗಿಲ್ಲ ಅಂದೆ. ಡಿಕ್ಕಿ ಅಂದ್ನಾ?"

ಉವೆ ನನ್ನ ಕಡೆ ನೋಡಿ, ಏನಾಯ್ತು ಎಂದು ಹುಬ್ಬು ಹಾರಿಸಿದ. ಕೆಲಸ ಮಾಡು ಎಂದು ಸನ್ನೆ ಮಾಡಿದೆ.

ನಾಲ್ಕೂವರೆಗೆ ಕಾರು ಮತ್ತೆ ಮೇಜಿನ ಮೇಲೆ. ಟೈಲ್ಸಿನ ಸಮೇತ. ಈ ಸಲ ಮುಂದಿನ ಸೀಟಿನಲ್ಲಿ ಅಪ್ಪ. ಕೂತು ಬಾಗಿಲು ಹಾಕಿಕೊಂಡಾಗ ಪರದೆಯ ಅಂಕಿಗಳು ಚೂರು ನಡುಗಿ ಸರಿದವು. "ಬೇಗ ಮಾಡು," ಎಂದರು, ಮುಂದಕ್ಕೆ ನೋಡುತ್ತ. ಬೋಲ್ಟ್ ತಿರುಗಿಸಿದೆ. ಬಲಗಡೆ ಹಸಿರು ಬಂತು. ಎಡಗಡೆ ಹಸಿರಿನ ಅಂಚಿಗೆ ಬಂದು ನಿಂತಿತು, ಮತ್ತೆ ಮಾಡಿದೆ, ಒಂದು ಕೂದಲಿನಷ್ಟು ಒಳಕ್ಕೆ ಬಂತು. ನನಗೆ ಸಮಾಧಾನವಾಗಲಿಲ್ಲ. ಮತ್ತೆ ಚಕ್ರದ ಕನ್ನಡಿ ಬಿಚ್ಚಲು ಹೋದಾಗ ಅಮ್ಮ ಕಿ‌ಟಕಿಯಿಂದ ಕೈ ಹೊರಗೆ ಹಾಕಿ ನನ್ನ ಮುಂಗೈ ಹಿಡಿದಳು.

"ಸಾಕು ಬಿಡೇ," ಎಂದಳು.

ಹಾಳೆಯ ಮೇಲಿನ ಮೂಲೆಯ ಖಾನೆಯಲ್ಲಿ ಮೂವರ ತೂಕ, ಡಿಕ್ಕಿಯ ತೂಕ ಎಲ್ಲ ಬರೆದೆ. ಇಲ್ಕಾಯ್‌ಗೆ ಕೊಟ್ಟೆ. ಅವನು ನೋಡದೆ ಮಡಚಿ ಜೇಬಿಗಿಟ್ಟ. ಐದೂಕಾಲಿಗೆ ಅಂಗಡಿಯ ಮುಂದಿನಿಂದಲೇ ಹೊರಟರು. ಕಾರು ಎತ್ತರಕ್ಕೆ, ಒಂಚೂರು ಪೆದ್ದಾಗಿ, ಮೊದಲು ಹೇಗಿತ್ತೋ ಹಾಗೇ ಕಾಣುತ್ತಿತ್ತು. ಅಂಗಡಿಗೂ ಅಪ್ಪನ ಮನೆಗೂ ನಡುವಿನ ಬೇಕರಿಯ ಉಬ್ಬನ್ನು ಸದ್ದಿಲ್ಲದೆ ದಾಟಿತು.

ಆಮೇಲಿನ ಎರಡೂವರೆ ದಿನ ಫೋನು ನನ್ನ ಕೈ ಬಿಡಲಿಲ್ಲ. ಜರ್ಮನಿಯ ಗಡಿಯ ಪಾಸೌನಲ್ಲಿ ಪೆಟ್ರೋಲಿಗೆ ನಿಂತಾಗ, "ಕೈ ಹಾಕಿ ನೋಡಿದ್ಯಾ?" ಎಂದೆ.

"ನೋಡ್ದೆ."

"ಒಳಗೆ?"

"ಒಳಗೇ ಕಣಕ್ಕಾ. ಗೀರು ಇದೆ."

ಹಂಗೆರಿಯಲ್ಲಿ ಮತ್ತೆ. ಸೆರ್ಬಿಯಾದ ಗಡಿಯಲ್ಲಿ ಆರು ಗಂಟೆ ಸಾಲು, ಆಗ ಮೂರು ಸಲ. ಮೂರನೇ ಸಲ ಪಕ್ಕದಿಂದ ಅಪ್ಪನ ದನಿ ಕೇಳಿತು: "ಅವಳಿಗೆ ಹೇಳು, ಟೈರ್ ಸರಿಯಿದೆ, ನಿನ್ನ ಪ್ಯಾಂಟಿನ ಮಂಡಿ ಸವೀತಿದೆ ಅಂತ." ಮಾವನಿಗೂ ಮಾಡುತ್ತಿದ್ದೆ. ಅವನ ಉತ್ತರ ಪ್ರತಿ ಸಲ ಒಂದೇ: "ಇದಾಳೆ. ಆದ್ರೆ ಬೇಗ." ಭಾನುವಾರ ಮಧ್ಯಾಹ್ನ ತುರ್ಕಿಯೊಳಗೆ ಕಾಲಿಟ್ಟರು. ರಾತ್ರಿ ಅಂಕಾರಾ ಹತ್ತಿರ ಅವರ ಫೋನ್ ಸತ್ತಿತು, ಅಥವಾ ಸತ್ತಿತೆಂದು ನಾನು ಅಂದುಕೊಂಡೆ. ಬೇರೇನೂ ಅಂದುಕೊಳ್ಳಲು ಧೈರ್ಯವಿರಲಿಲ್ಲ.

ಸೋಮವಾರ ಒಂಬತ್ತೂ ನಲವತ್ತಕ್ಕೆ ನಾನೊಂದು ವ್ಯಾನಿನ ಕೆಳಗಿದ್ದೆ. ಅಮ್ಮನ ನಂಬರು. ಎತ್ತಿದೆ. ಯಾವುದೋ ಯಂತ್ರದ ಬೀಪ್, ಚಪ್ಪಲಿಯ ಸದ್ದು.

"ಅಮ್ಮಾ?"

"ಬಂದ್ವಿ," ಎಂದಳು.

"ಅಜ್ಜಿ?"

"ಇದಾಳೆ. ನನ್ನ ನೋಡಿ ಯಾರು ಅಂದ್ಲು. ಹಾಜೆರ್ ಅಂದೆ. ಹಾಜೆರ್ ಜರ್ಮನೀಲಿದಾಳೆ, ಸುಳ್ಳು ಹೇಳ್ಬೇಡ ಅಂತ ಬೈದ್ಲು." ಅಮ್ಮನ ದನಿ ಎಲ್ಲೋ ಒಡೆದು ಮತ್ತೆ ಕೂಡಿಕೊಂಡಿತು. "ಸೂಪು ಕುಡಿಸ್ದೆ. ಮೂರು ಚಮಚ. ಉಪ್ಪು ಸಾಲ್ದು ಅಂದ್ಲು."

"ನೀನೇ ಅಂತ ನಂಬಿದ್ಲಾ?"

"ಇಲ್ಲ. ಹಾಜೆರ್ ಬಂದ್ಮೇಲೆ ಹೇಳ್ತೀನಿ ನಿನ್ನ ವಿಷಯ ಅಂತಿದಾಳೆ."

ನಾನು ವ್ಯಾನಿನ ಕೆಳಗೆ ಮಲಗಿದ್ದ ಹಾಗೆಯೇ ಕಣ್ಣು ಮುಚ್ಚಿದೆ. ಟೈರು ಹೇಗಿದೆ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

"ಇಡ್ತೀನಿ ಕಣೇ," ಎಂದಳು ಅಮ್ಮ. "ಎಡಗೈಯಲ್ಲಿ ಫೋನ್ ಹಿಡಿದು ಹಿಡಿದು ಸೋತಿದೆ. ಬಲಗೈ ಇವಳು ಬಿಡ್ತಿಲ್ಲ."